ಹಳೇ ಕಾರಿನ ಹೆಡ್‌ಲೈಟ್ ಮಂಕಾಗಿದೆಯಾ? ಬಲ್ಬ್ ಬದಲಿಸುವ ಮೊದಲು ವೋಲ್ಟ್ ಎಲ್ಲಿ ಸೋರುತ್ತಿದೆ ನೋಡಿ

ಮಳೆಗಾಲ ಹತ್ತಿರ ಬಂತು ಅಂದರೆ ನಮ್ಮ ಕಡೆ ಹಳೇ ಕಾರು ಇಟ್ಟುಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ. ಯಾವ ಬಲ್ಬ್ ಹಾಕಿಸಿದರೆ ರಸ್ತೆ ಚೆನ್ನಾಗಿ ಕಾಣುತ್ತದೆ? ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗುವವರು, ಅಂಕೋಲೆಯಿಂದ ಅರಬೈಲ್ ಹತ್ತಿ ಯಲ್ಲಾಪುರಕ್ಕೆ ಹೋಗುವವರು, ಕಾರವಾರದಿಂದ ಕದ್ರಾ ದಾಟಿ ಅಣಶಿ ಕಡೆ ತಿರುಗುವವರು, ಎಲ್ಲರದ್ದೂ ಇದೇ ಗೋಳು. ಅಂಗಡಿಗೆ ಹೋದರೆ 100/90 ವ್ಯಾಟ್‌ನ ಬಲ್ಬ್ ಕೊಡುತ್ತಾರೆ, ಇಲ್ಲಾಂದ್ರೆ ಬಿಳಿ ಎಲ್‌ಇಡಿ. ಹಾಕಿಸಿದ ಮೊದಲ ದಿನ ಖುಷಿ. ಆಮೇಲೆ ಬಲ್ಬ್ ಸಿಕ್ಕಿಸುವ ಹೋಲ್ಡರ್ ಕರಗುತ್ತದೆ, ಎದುರಿನ ಲಾರಿಯವನು ಬೈಯುತ್ತಾನೆ, ಘಾಟಿಯ ಮಂಜಲ್ಲಿ ರಸ್ತೆ ಮೊದಲಿಗಿಂತ ಕಡಿಮೆ ಕಾಣುತ್ತದೆ.

ಹದಿನೈದು ಇಪ್ಪತ್ತು ವರ್ಷದ ಕಾರಲ್ಲಿ ಹೆಡ್‌ಲೈಟ್ ಮಂಕಾಗಿದ್ದರೆ ಬಲ್ಬ್ ಕಾರಣ ಆಗಿರುವುದು ಕಡಿಮೆ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬಿಗೆ ಪೂರ್ತಿ ಮುಟ್ಟುತ್ತಿಲ್ಲ, ಅಥವಾ ಬಲ್ಬ್ ಕೊಟ್ಟ ಬೆಳಕು ಡೂಮ್‌ನಿಂದ, ಅಂದರೆ ಬಲ್ಬ್ ಕೂರುವ ಹೊಳಪಿನ ಬಟ್ಟಲಿನಿಂದ, ಸರಿಯಾಗಿ ಹೊರಗೆ ಬೀಳುತ್ತಿಲ್ಲ. ಇವೆರಡರಲ್ಲಿ ಯಾವುದು ಅಂತ ಒಂದು ಮಲ್ಟಿಮೀಟರ್ ಮತ್ತು ಒಂದು ಗೋಡೆ ಇದ್ದರೆ ಮನೆಯಲ್ಲೇ ಗೊತ್ತುಮಾಡಿಕೊಳ್ಳಬಹುದು. ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗೋಡೆ ನಿಮ್ಮದೇ.

ಸ್ವಲ್ಪ ವೋಲ್ಟ್ ಹೋದರೆ ಏನಾಗುತ್ತದೆ

ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ, ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ನಮ್ಮ ಹಳೇ ಕಾರುಗಳಲ್ಲಿ ಜಾಸ್ತಿ ಇರುವುದು ಎಚ್4 ಹ್ಯಾಲೊಜೆನ್ ಬಲ್ಬ್. ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್, ಬ್ರೈಟ್‌ಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. ಈ ಬಲ್ಬಿನ ಬೆಳಕನ್ನು ಅಳೆಯುವುದು 13.2 ವೋಲ್ಟ್‌ನಲ್ಲಿ. ಅಷ್ಟು ಸಿಕ್ಕಾಗ ಬ್ರೈಟ್‌ನಲ್ಲಿ ಸುಮಾರು 1650 ಲ್ಯುಮೆನ್, ಡಿಮ್‌ನಲ್ಲಿ ಸುಮಾರು 1000 ಲ್ಯುಮೆನ್ ಬರಬೇಕು.

ತೊಂದರೆ ಏನಂದರೆ ಹ್ಯಾಲೊಜೆನ್ ಬಲ್ಬಿಗೆ ವೋಲ್ಟ್ ಸ್ವಲ್ಪ ಇಳಿದರೂ ಬೆಳಕು ಧಡಕ್ಕನೆ ಇಳಿಯುತ್ತದೆ. ಶೇಕಡಾ 10ರಷ್ಟು ವೋಲ್ಟ್ ಹೋದರೆ ಬೆಳಕು ಶೇಕಡಾ 30ರಷ್ಟು ಹೋಗುತ್ತದೆ. ಬಲ್ಬಿಗೆ 11.5 ವೋಲ್ಟ್ ಮಾತ್ರ ಸಿಗುತ್ತಿದ್ದರೆ ಮೂರರಲ್ಲಿ ಎರಡು ಪಾಲು ಬೆಳಕೂ ಇಲ್ಲ. 10.5ಕ್ಕೆ ಇಳಿದರೆ ಅರ್ಧಕ್ಕಿಂತ ಕಡಿಮೆ. ಬಣ್ಣವೂ ಹೇಳುತ್ತದೆ: ಸರಿ ಇರುವ ಹ್ಯಾಲೊಜೆನ್ ಬಿಳಿಗೆ ಹತ್ತಿರದ ತಿಳಿ ಹಳದಿ, ಹೊಟ್ಟೆಗಿಲ್ಲದ ಹ್ಯಾಲೊಜೆನ್ ಕೆಂಪು ಮಿಶ್ರಿತ ಹಳದಿ. ಪಕ್ಕದಲ್ಲಿ ಹೊಸ ಕಾರು ನಿಲ್ಲಿಸಿ ಹೋಲಿಸಿದರೆ ಸಾಕು, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಹಾಗಾದರೆ ವೋಲ್ಟ್ ಹೋಗುವುದು ಎಲ್ಲಿ? ಹಳೇ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟೀರಿಂಗ್ ಹತ್ತಿರದ ಸ್ವಿಚ್ಚಿನೊಳಗೇ ಓಡಾಡುತ್ತದೆ. ಬ್ಯಾಟರಿಯಿಂದ ಹೊರಟು, ಫ್ಯೂಸ್ ಬಾಕ್ಸ್, ಲೈಟ್ ಸ್ವಿಚ್, ಡಿಮ್ ಬ್ರೈಟ್ ಬದಲಿಸುವ ಡಿಪ್ಪರ್ ಸ್ವಿಚ್ ಎಲ್ಲ ಸುತ್ತಿ, ಮತ್ತೆ ಮುಂದೆ ಬಂದು ಬಲ್ಬಿಗೆ ಮುಟ್ಟಬೇಕು. ಎರಡು ಬಲ್ಬ್ ಸೇರಿ ಡಿಮ್‌ನಲ್ಲಿ 9 ಆಂಪಿಯರ್, ಬ್ರೈಟ್‌ನಲ್ಲಿ 10. ಸಣ್ಣ ವೈರು, ದೂರದ ದಾರಿ, ಸವೆದ ಸ್ವಿಚ್ ಕಾಂಟ್ಯಾಕ್ಟು. ಒಂದೊಂದು ಕಡೆ ಕಾಲು ವೋಲ್ಟ್ ಕಳೆದುಕೊಂಡು ಬಂದರೂ ಕೊನೆಗೆ ಒಂದೂವರೆ ಎರಡು ವೋಲ್ಟ್ ಖೋತಾ.

ಅದರ ಮೇಲೆ ನಮ್ಮ ಉಪ್ಪು ಗಾಳಿ. ಕಾರವಾರ, ಅಂಕೋಲೆ, ಹೊನ್ನಾವರ, ಭಟ್ಕಳದಲ್ಲಿ ಸಮುದ್ರದ ಹತ್ತಿರ ನಿಲ್ಲುವ ಕಾರಿನ ಅರ್ಥ್ ಬೋಲ್ಟು (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸಾಗುವ ಜಾಗ) ಮತ್ತು ವೈರನ್ನು ಬಲ್ಬಿಗೆ ಸಿಕ್ಕಿಸುವ ಕಪ್ಲರು ಒಳನಾಡಿನ ಕಾರಿಗಿಂತ ಎಷ್ಟೋ ಬೇಗ ಹಾಳಾಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಉಪ್ಪಿಲ್ಲ, ಆದರೆ ತಿಂಗಳುಗಟ್ಟಲೆ ಒಣಗದ ಥಂಡಿ ಇದೆಯಲ್ಲ, ಅದೂ ಅದೇ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನ ಅಷ್ಟೇ.

ಮೊದಲು ಲಕ್ಷಣ ನೋಡಿ

ಮೀಟರ್ ಹಿಡಿಯುವ ಮೊದಲು ಕತ್ತಲಲ್ಲಿ ಕಾರನ್ನು ಗೋಡೆ ಎದುರು ನಿಲ್ಲಿಸಿ, ಲೈಟ್ ಹಾಕಿ, ಸುಮ್ನೆ ನೋಡಿ. ದೋಷ ಅರ್ಧ ಅಲ್ಲೇ ಸಿಗುತ್ತದೆ.

ಎರಡೂ ಲೈಟು ಒಂದೇ ಸಮ ಮಂಕು, ಡಿಮ್ಮಲ್ಲೂ ಬ್ರೈಟಲ್ಲೂ. ಎರಡಕ್ಕೂ ಹಂಚಿಕೆಯಾದ ದಾರಿಯಲ್ಲೇ ತೊಂದರೆ. ಲೈಟ್ ಸ್ವಿಚ್, ಮೇನ್ ಫ್ಯೂಸು, ಅಥವಾ ಚಾರ್ಜಿಂಗ್.

ಒಂದೇ ಕಡೆ ಮಂಕು. ಆ ಕಡೆಯ ಅರ್ಥ್ ಅಥವಾ ಆ ಕಡೆಯ ಹೋಲ್ಡರ್. ಬಲ್ಬನ್ನು ಎಡಬಲ ಅದಲು ಬದಲು ಮಾಡಿ ನೋಡಿ. ಮಂಕು ಬಲ್ಬಿನ ಜೊತೆ ಹೋದರೆ ಬಲ್ಬ್ ಹಳತು, ಅಲ್ಲೇ ಉಳಿದರೆ ವೈರಿಂಗ್.

ಡಿಮ್ ಸರಿ, ಬ್ರೈಟ್ ಮಾತ್ರ ಮಂಕು, ಅಥವಾ ಉಲ್ಟಾ. ಡಿಪ್ಪರ್ ಸ್ವಿಚ್ಚಿನ ಆ ಒಂದು ಕಾಂಟ್ಯಾಕ್ಟು ಸುಟ್ಟಿದೆ. ಸ್ವಿಚ್ಚನ್ನು ಲಘುವಾಗಿ ಅತ್ತಿತ್ತ ಅಲ್ಲಾಡಿಸಿದಾಗ ಬೆಳಕು ಏರಿಳಿದರೆ ಅನುಮಾನವೇ ಬೇಡ.

ಎಕ್ಸಲರೇಟರ್ ಒತ್ತಿದಾಗ ಬೆಳಕು ಜಾಸ್ತಿ, ಬಿಟ್ಟಾಗ ಕಡಿಮೆ. ಬೆಲ್ಟು ಸಡಿಲ, ಅಥವಾ ಡೈನಮೋ, ನಾವೆಲ್ಲ ಹಾಗೇ ಕರೆಯುವ ಆಲ್ಟರ್ನೇಟರ್, ಅದರ ಬ್ರಷ್ ಸವೆದಿದೆ, ಅಥವಾ ಬ್ಯಾಟರಿಯ ಟರ್ಮಿನಲ್ಲಿಗೆ ಬಿಳಿ ಹೂವು ಬಂದಿದೆ. ಹೆಡ್‌ಲೈಟಿಗೆ ಕೈ ಹಾಕುವ ಮೊದಲು ಅದನ್ನು ಸರಿ ಮಾಡಿಸಿ.

ಇನ್ನೊಂದು ಲಕ್ಷಣ ನೋಡಿದರೆ ಭೂತಚೇಷ್ಟೆ ಅನಿಸುತ್ತದೆ. ಡಿಮ್ ಹಾಕಿದ್ದೀರಿ, ಒಂದು ಕಡೆಯ ಬಲ್ಬಿನಲ್ಲಿ ಎರಡೂ ಫಿಲಮೆಂಟ್ ಮಿಣಮಿಣ ಅನ್ನುತ್ತಿವೆ, ಡ್ಯಾಶ್‌ಬೋರ್ಡಿನ ನೀಲಿ ಬ್ರೈಟ್ ದೀಪ ಕೂಡ ಮಸುಕಾಗಿ ಹೊತ್ತಿದೆ. ಇದಕ್ಕೆ ಕಾರಣ ಆ ಕಡೆಯ ಅರ್ಥ್ ಕಡಿದುಹೋಗಿರುವುದು. ನೆಲಕ್ಕೆ ದಾರಿ ಸಿಗದ ಕರೆಂಟು ಡಿಮ್ ಫಿಲಮೆಂಟ್ ದಾಟಿ, ಅದೇ ಬಲ್ಬಿನ ಬ್ರೈಟ್ ಫಿಲಮೆಂಟಿಗೆ ನುಗ್ಗಿ, ಬ್ರೈಟ್ ವೈರಲ್ಲಿ ಹಿಂದಕ್ಕೆ ಹೋಗಿ, ಇನ್ನೊಂದು ಕಡೆಯ ಲ್ಯಾಂಪಿನ ಅರ್ಥ್ ಹುಡುಕಿಕೊಂಡು ಹೋಗುತ್ತದೆ. ಇದನ್ನು ಕಂಡು ಸ್ವಿಚ್ಚು ಬದಲಿಸಿದವರಿದ್ದಾರೆ, ಪೂರ್ತಿ ವೈರಿಂಗ್ ಬಿಚ್ಚಿಸಿದವರಿದ್ದಾರೆ. ಬೇಕಾಗಿದ್ದದ್ದು ಒಂದು ಬೋಲ್ಟ್ ಉಜ್ಜುವುದು. ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಹೆಡ್‌ಲೈಟೂ ಏರಿಳಿದರೆ, ಅದೂ ಅರ್ಥಿನದ್ದೇ ಕಿತಾಪತಿ.

ಬಲ್ಬ್ ಹೊಳೆಯುತ್ತಿದೆ, ಎದುರು ನಿಂತು ನೋಡಿದರೆ ಕಣ್ಣು ಕುಕ್ಕುತ್ತದೆ, ಆದರೂ ರಸ್ತೆ ಕತ್ತಲು ಅಂತಾದರೆ ವೈರಿಂಗ್ ಬಿಡಿ. ಡೂಮ್, ಗ್ಲಾಸು, ಅಥವಾ ಅಲೈನ್‌ಮೆಂಟ್. ಅದು ಕೆಳಗೆ ಬರುತ್ತದೆ.

ಇನ್ನು ಬಲ್ಬ್ ಮಂಕಲ್ಲ, ಪದೇ ಪದೇ ಸುಟ್ಟುಹೋಗುತ್ತಿದೆ ಅಂದರೆ ಉಲ್ಟಾ ಕಾಯಿಲೆ. ಚಾರ್ಜಿಂಗ್ 15 ವೋಲ್ಟ್ ದಾಟುತ್ತಿರಬಹುದು, ರೆಗ್ಯುಲೇಟರ್ ನೋಡಿಸಿ. ಅಥವಾ ಹಾಕುವಾಗ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಿರಬಹುದು. ಹ್ಯಾಲೊಜೆನ್ ಗಾಜಿಗೆ ಬೆರಳಿನ ಎಣ್ಣೆ ಆಗುವುದಿಲ್ಲ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ.

ಮೀಟರ್ ಹಿಡಿದು ಅಳೆಯುವುದು

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಾರು ಬಯಲಲ್ಲಿರಲಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ, ಲುಂಗಿ ಟವೆಲ್ಲು ಎಲ್ಲ ದೂರ.

ಎಂಜಿನ್ ಬಂದ್ ಇದ್ದಾಗ ಬ್ಯಾಟರಿಯಲ್ಲಿ 12.6ರ ಸುತ್ತಮುತ್ತ ಬರಬೇಕು. ಎಂಜಿನ್ ಓಡುತ್ತಿದ್ದಾಗ, ಲೈಟ್ ಹಾಕಿ, ಸ್ವಲ್ಪ ರೇಸ್ ಕೊಟ್ಟರೆ 13.8ರಿಂದ 14.4. ಲೈಟ್ ಹಾಕಿದ ಕೂಡಲೇ 13ಕ್ಕಿಂತ ಕೆಳಗೆ ಬಂದು ಅಲ್ಲೇ ನಿಂತರೆ ಇಲ್ಲಿಗೇ ನಿಲ್ಲಿಸಿ, ಮೊದಲು ಚಾರ್ಜಿಂಗ್ ರಿಪೇರಿ.

ಈಗ ಬಲ್ಬಿನ ಹತ್ತಿರ. ಇಲ್ಲಿ ಬಹಳ ಜನ ಕಪ್ಲರ್ ಬಿಚ್ಚಿ, ಖಾಲಿ ಕಪ್ಲರಿನ ಒಳಗೆ ಮೀಟರ್ ಕಡ್ಡಿ ಇಟ್ಟು, ಪೂರ್ತಿ ವೋಲ್ಟ್ ಬರ್ತಾ ಇದೆ, ವೈರಿಂಗ್ ಸರಿ ಇದೆ ಅಂದುಬಿಡುತ್ತಾರೆ. ಅದು ಲೆಕ್ಕಕ್ಕಿಲ್ಲ. ಮೀಟರ್ ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಒಂದೇ ಎಳೆ ಉಳಿದ ಕೊಳೆತ ವೈರು ಕೂಡ ಮೀಟರಿಗೆ ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬ್ ಹಾಕಿರಬೇಕು, ಹೊತ್ತಿರಬೇಕು, ಆಗಲೇ ಅಳೆಯಬೇಕು. ಕಪ್ಲರಿನ ಹಿಂದಿನಿಂದ, ವೈರ್ ಒಳಗೆ ಹೋಗುವ ಸಂದಿನಲ್ಲಿ, ಒಂದು ಗುಂಡುಸೂಜಿ ತೂರಿಸಿ ಅದಕ್ಕೆ ಕಡ್ಡಿ ಮುಟ್ಟಿಸಿ. ಆ ಸೂಜಿ ಬಾಡಿಗೆ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಫ್ಯೂಸ್ ಹೋಗುತ್ತದೆ.

ಮೂರು ಅಳತೆ ಸಾಕು. ಹೊತ್ತಿರುವ ಫಿಲಮೆಂಟಿನ ಪಾಸಿಟಿವ್ ಪಿನ್ನು ಮತ್ತು ಅರ್ಥ್ ಪಿನ್ನುಗಳ ನಡುವೆ ಎಷ್ಟು ವೋಲ್ಟ್, ಇದು ಬಲ್ಬಿಗೆ ನಿಜವಾಗಿ ಸಿಗುತ್ತಿರುವುದು. ಬ್ಯಾಟರಿಯ ಪಾಸಿಟಿವ್‌ನಿಂದ ಬಲ್ಬಿನ ಪಾಸಿಟಿವ್ ಪಿನ್ನಿಗೆ ಎಷ್ಟು, ಇದು ಹೋಗುವ ದಾರಿಯಲ್ಲಿ ಕಳೆದದ್ದು, ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಬಲ್ಬಿನ ಅರ್ಥ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಎಷ್ಟು, ಇದು ವಾಪಸು ಬರುವ ದಾರಿಯ ನಷ್ಟ, 0.2 ದಾಟಬಾರದು. ಬ್ಯಾಟರಿಯಲ್ಲಿ ಇರುವುದರಿಂದ ಬಲ್ಬಿನಲ್ಲಿ ಸಿಗುವುದನ್ನು ಕಳೆದರೆ, ಉಳಿದ ಎರಡು ಅಳತೆಯ ಮೊತ್ತ ಬರಬೇಕು. ಲೆಕ್ಕ ತಾಳೆಯಾಗದಿದ್ದರೆ ಸೂಜಿ ಸರಿಯಾಗಿ ತಾಗಿಲ್ಲ.

ಎರಡೂ ಕಡೆಯ ಲ್ಯಾಂಪಿಗೆ, ಡಿಮ್ಮಿಗೂ ಬ್ರೈಟಿಗೂ ಬೇರೆ ಬೇರೆ ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ಹಿಡಿದುಕೊಂಡು ಎಲೆಕ್ಟ್ರಿಷಿಯನ್ ಹತ್ತಿರ ಹೋದರೆ ಅವನು ಮಾತಾಡುವ ಧಾಟಿಯೇ ಬೇರೆ ಆಗುತ್ತದೆ.

ಅರ್ಥ್ ಸರಿ ಮಾಡುವುದು

ವಾಪಸು ದಾರಿಯಲ್ಲಿ ನಷ್ಟ ಕಂಡರೆ ಖರ್ಚೇ ಇಲ್ಲದ ರಿಪೇರಿ. ಕರಾವಳಿಯ ಕಾರಾದರೆ ಕಾಣದಿದ್ದರೂ ಒಮ್ಮೆ ಮಾಡಿಬಿಡಿ. ಲ್ಯಾಂಪಿನ ಹಿಂದಿನಿಂದ ಬರುವ ಕಪ್ಪು ವೈರು, ಕೆಲವು ಗಾಡಿಯಲ್ಲಿ ಕಂದು, ಎಲ್ಲಿಗೆ ಹೋಗುತ್ತದೆ ನೋಡಿ. ಸಾಮಾನ್ಯವಾಗಿ ಲ್ಯಾಂಪಿನ ಪಕ್ಕ ಅಥವಾ ರೇಡಿಯೇಟರಿನ ಮೇಲಿನ ಪಟ್ಟಿಯಲ್ಲಿ ಒಂದು 10 ಎಂಎಂ ತಲೆಯ ಬೋಲ್ಟಿನಡಿ ಇರುತ್ತದೆ. ಬಿಚ್ಚಿದರೆ ವೈರಿನ ತುದಿಯ ರಿಂಗಿನ ಕೆಳಗೆ ಕೆಂಪು ಪುಡಿ, ರಿಂಗಿನ ಮೇಲೆ ಹಸಿರು. ಬಾಡಿಯ ಕಡೆ ಎಮರಿ ಪೇಪರಿನಲ್ಲಿ ಲೋಹ ಬೆಳ್ಳಗೆ ಕಾಣುವ ತನಕ ಉಜ್ಜಿ. ಕಾರಿಗೆ ಯಾವಾಗಲೋ ಪೇಂಟ್ ಹೊಡೆಸಿದ್ದರೆ ಅರ್ಥ್ ಜಾಗದ ಮೇಲೂ ಪೇಂಟ್ ಕೂತಿರುತ್ತದೆ, ಅದನ್ನೂ ಕೆರೆಯಬೇಕು. ಹಳೇ ರಿಂಗು ತೆಗೆದು ಹೊಸದು ಹಾಕುವಾಗ ವೈರಿನ ತುದಿ ಒಂದಿಂಚು ಕತ್ತರಿಸಿ ಒಳಗಿನ ತಾಮ್ರ ನೋಡಿ. ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ ಮತ್ತೆ ಒಂದಿಂಚು ಕತ್ತರಿಸಿ. ಉಪ್ಪಿನ ತೇವ ಪ್ಲಾಸ್ಟಿಕ್ ತೊಗಲಿನ ಒಳಗೇ ಹತ್ತಿಕೊಂಡು ಹೋಗುತ್ತದೆ, ಹೊರಗಿನಿಂದ ವೈರ್ ಹೊಸದರ ಹಾಗೆ ಕಾಣುತ್ತದೆ, ಒಳಗೆ ಗೇಣುದ್ದ ಮಸಿ. ಅಷ್ಟು ಕಪ್ಪಾಗಿದ್ದರೆ ಆ ವೈರನ್ನೇ ತೆಗೆದು ಹೊಸದು ಎಳೆಯಿರಿ, 2.5 ಚದರ ಮಿಲಿಮೀಟರಿನದ್ದು.

ಬೋಲ್ಟ್ ಬಿಗಿ ಮಾಡಿದ ಮೇಲೆ ಮೇಲಿನಿಂದ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಮೊದಲೇ ಹಚ್ಚಿ ಆಮೇಲೆ ಕೂರಿಸುವುದಲ್ಲ, ಲೋಹಕ್ಕೆ ಲೋಹ ತಾಗಿ ಬಿಗಿಯಾದ ಮೇಲೆ ಮುಚ್ಚಲು. ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿಗೆ ಹೋಗುವ ದಪ್ಪ ಅರ್ಥ್ ಪಟ್ಟಿಯನ್ನೂ ಅದೇ ಕೈಯಲ್ಲಿ ನೋಡಿಬಿಡಿ.

ಹೋಲ್ಡರ್ ವಿಷಯ ಇಷ್ಟೇ. ಬಲ್ಬಿನ ಕಪ್ಲರ್ ಕೀಳುವಾಗ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ನು ನೀಲಿಗಟ್ಟಿದ್ದರೆ, ಹತ್ತಿರದ ವೈರು ಒಣ ಕಡ್ಡಿಯ ಹಾಗೆ ಪಟಕ್ಕನೆ ಮುರಿಯುವಂತಿದ್ದರೆ ಅದನ್ನು ಉಜ್ಜಿ ಮತ್ತೆ ಹಾಕಬೇಡಿ. ಪಿಂಗಾಣಿ ಹೋಲ್ಡರ್ ಸಿಗುತ್ತದೆ, ಅದನ್ನು ಹಾಕಿಸಿ. ಒಮ್ಮೆ ಬಿಸಿಯಾಗಿ ಸ್ಪ್ರಿಂಗು ಸತ್ತ ಪಿನ್ನು ಮತ್ತೆ ಬಿಗಿ ಹಿಡಿಯುವುದಿಲ್ಲ.

ಹೋಗುವ ದಾರಿ, ಅಂದರೆ ರಿಲೇ

ಪಾಸಿಟಿವ್ ದಾರಿಯಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ಹೋಗುತ್ತಿದ್ದರೆ, ಹಳೇ ಸ್ವಿಚ್ಚು ರಿಪೇರಿ ಮಾಡುತ್ತಾ ಕೂರುವುದಕ್ಕಿಂತ ರಿಲೇ ಹಾಕುವುದೇ ಸರಿಯಾದ ದಾರಿ. ಹಳೇ ಕಾರಿನ ಹೆಡ್‌ಲೈಟಿಗೆ ನೀವು ಮಾಡಬಹುದಾದ ಅತ್ಯಂತ ಒಳ್ಳೆಯ ಅಪ್‌ಗ್ರೇಡ್ ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಅದೇ 60/55 ಬಲ್ಬು, ಬೆಳಕು ಮಾತ್ರ ಬೇರೆ ಕಾರಿನದ್ದು ಅನಿಸುತ್ತದೆ.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು, ಒಳಗಿನ ಕಾಯಿಲು ಅದನ್ನು ಎಳೆಯುತ್ತದೆ. ಕೆಲಸ ಸರಳ. ಡಿಮ್ಮಿಗೆ ಒಂದು ರಿಲೇ, ಬ್ರೈಟಿಗೆ ಒಂದು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್‌ನಿಂದ ನೇರ ವೈರು, ಮಧ್ಯೆ 15 ಆಂಪಿಯರ್ ಫ್ಯೂಸು. 87ರಿಂದ ಎರಡೂ ಬಲ್ಬಿಗೆ. 86ಕ್ಕೆ ಹಳೇ ಹೆಡ್‌ಲೈಟ್ ವೈರು, 85 ಅರ್ಥಿಗೆ. ಇನ್ನು ಮೇಲೆ ಹಳೇ ಸ್ವಿಚ್ಚು ಹೊರುವುದು ರಿಲೇ ಕಾಯಿಲಿನ ಕರೆಂಟು ಮಾತ್ರ, ಕಾಲು ಆಂಪಿಯರಿಗಿಂತಲೂ ಕಡಿಮೆ. ಸ್ವಿಚ್ಚಿನ ಆಯಸ್ಸೂ ಉಳಿಯುತ್ತದೆ. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು, ಗೇಣಿಗಿಂತ ದೂರ ಬೇಡ. ಫ್ಯೂಸಿಗೂ ಬ್ಯಾಟರಿಗೂ ಮಧ್ಯೆ ವೈರು ಬಾಡಿಗೆ ಉಜ್ಜಿ ಶಾರ್ಟ್ ಆದರೆ ತಡೆಯುವವರು ಯಾರೂ ಇಲ್ಲ, ನೇರ ಬೆಂಕಿ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಿಟ್ ಹಾಕಿಸುವುದಾದರೆ ವೈರಿನ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಕೆಂಪು ಕೆರೆದಾಗ ಒಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ. ಹೊರಗೆ ದಪ್ಪ ತೊಗಲು, ಒಳಗೆ ನಾಲ್ಕು ಎಳೆ. ಅಂಥದ್ದನ್ನು ಹಾಕಿ ಫಲವಿಲ್ಲ, ಉಪ್ಪು ಗಾಳಿಗೆ ಅದು ತಾಮ್ರಕ್ಕಿಂತ ಬೇಗ ಹೋಗುತ್ತದೆ. ರಿಲೇಗಳನ್ನು ಪಿನ್ನು ಕೆಳಮುಖವಾಗಿರುವಂತೆ, ಬಾನೆಟ್ಟಿನ ಸಂದಿನಿಂದ ನೀರು ಬೀಳದ ಜಾಗದಲ್ಲಿ ಕೂರಿಸಿ. ನಮ್ಮ ಜೂನ್ ಜುಲೈ ಮಳೆಯಲ್ಲಿ ಮೇಲ್ಮುಖ ಕೂರಿಸಿದ ರಿಲೇ ನೀರಿನ ಬಟ್ಟಲು ಆಗುತ್ತದೆ.

ಇಲ್ಲಿ ಒಂದು ಸಿಕ್ಕು ಇದೆ, ಕಿಟ್ ಹಾಕಿಸಿ ಕೈಸುಟ್ಟುಕೊಳ್ಳುವುದು ಇಲ್ಲೇ. ಎಲ್ಲ ಗಾಡಿಯಲ್ಲೂ ಸ್ವಿಚ್ಚು ಪಾಸಿಟಿವ್ ಕಡೆ ಇರುವುದಿಲ್ಲ. ಮಾರುತಿ ಜಿಪ್ಸಿಯಂಥ ಸುಜುಕಿ ಮೂಲದ ಕೆಲವು ಹಳೇ ಗಾಡಿಗಳಲ್ಲಿ, ಇನ್ನೂ ಕೆಲವು ಜಪಾನಿ ವಿನ್ಯಾಸಗಳಲ್ಲಿ, ಬಲ್ಬಿನ ಎರಡೂ ಫಿಲಮೆಂಟಿಗೆ ಸಾಮಾನ್ಯವಾದ ಪಿನ್ನಿಗೆ ಪಾಸಿಟಿವ್ ಕೊಟ್ಟು, ಡಿಮ್ ಬ್ರೈಟ್ ಎರಡನ್ನೂ ಅರ್ಥ್ ಕಡೆಯಿಂದ ಸ್ವಿಚ್ ಮಾಡಿರುತ್ತಾರೆ. ಅಂಥ ಗಾಡಿಗೆ ಮಾಮೂಲಿ ಕಿಟ್ ಸಿಕ್ಕಿಸಿದರೆ ಡಿಮ್ಮು ಬ್ರೈಟು ಎರಡೂ ಕಲಸುಮೇಲೋಗರ, ನೀಲಿ ದೀಪ ಹೊತ್ತುವುದೇ ಇಲ್ಲ ಅಥವಾ ಆರುವುದೇ ಇಲ್ಲ. ಪತ್ತೆ ಹಚ್ಚುವುದು ಸುಲಭ. ಎರಡೂ ಕಡೆಯ ಕಪ್ಲರ್ ಬಿಚ್ಚಿ. ಒಂದು ಕಡೆಯದ್ದು ಮಾತ್ರ ಬಿಚ್ಚಿದರೆ ಇನ್ನೊಂದು ಬಲ್ಬಿನ ಮೂಲಕ ಸುತ್ತಿ ಬಂದ ವೋಲ್ಟು ದಾರಿ ತಪ್ಪಿಸುತ್ತದೆ. ಲೈಟ್ ಹಾಕಿ, ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಒಂದೊಂದೇ ಪಿನ್ನಿಗೆ. ಡಿಮ್ಮಲ್ಲೂ ಬ್ರೈಟಲ್ಲೂ ಬಿಡದೆ 12 ವೋಲ್ಟ್ ತೋರಿಸುವ ಪಿನ್ ಒಂದು ಇದ್ದರೆ ಅದು ಅರ್ಥ್ ಕಡೆ ಸ್ವಿಚ್ ಆಗುವ ಗಾಡಿ. ಲೈಟ್ ಬಂದ್ ಮಾಡಿ ನೋಡಿದಾಗ ಒಂದು ಪಿನ್ ಯಾವಾಗಲೂ ಬಾಡಿಗೆ ಕೂಡಿಕೊಂಡಿದ್ದರೆ ಮಾಮೂಲಿ ಗಾಡಿ. ಅರ್ಥ್ ಕಡೆಯದ್ದಾದರೂ ರಿಲೇ ಹಾಕಬಹುದು, ಕಾಯಿಲಿನ ಒಂದು ತುದಿಗೆ ಆ ಸಾಮಾನ್ಯ ಪಾಸಿಟಿವ್, ಇನ್ನೊಂದಕ್ಕೆ ಡಿಮ್ ಅಥವಾ ಬ್ರೈಟ್ ವೈರು. ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಕೆಲಸ ಮುಗಿದ ಮೇಲೆ ಮತ್ತೆ ಅದೇ ಮೂರು ಅಳತೆ. ಬಲ್ಬಿನಲ್ಲಿ 13ಕ್ಕಿಂತ ಮೇಲೆ ಬಂದರೆ ಕೆಲಸ ಸರಿಯಾಗಿದೆ. ಬಲ್ಬ್ ಸ್ವಲ್ಪ ಬೇಗ ಹೋಗಬಹುದು, ಮಂಕಾಗಿ ಉರಿಯುತ್ತಿದ್ದಾಗ ಅದಕ್ಕೆ ಸಿಕ್ಕ ದೀರ್ಘಾಯುಷ್ಯ ಈಗಿರುವುದಿಲ್ಲ. ಒಂದು ಹೆಚ್ಚಿನ ಬಲ್ಬ್ ಡ್ಯಾಶ್‌ಬೋರ್ಡಿನಲ್ಲಿಡಿ.

ವೋಲ್ಟ್ ಸರಿ ಇದ್ದೂ ರಸ್ತೆ ಕಾಣದಿದ್ದರೆ

ಡೂಮಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಲ್ಬಿನ ಮೇಲ್ಭಾಗದಲ್ಲಿ ಹೊಳಪು ಹೋಗಿ ಬೂದು ಬಣ್ಣ ಬಂದಿದ್ದರೆ, ಗಿಲೀಟು ಎದ್ದಿದ್ದರೆ, ಅದಕ್ಕೆ ಔಷಧವಿಲ್ಲ. ಬಟ್ಟೆ ಹಾಕಿ ಒರೆಸಿದರೆ ಉಳಿದದ್ದೂ ಬರುತ್ತದೆ. ಹೊಸ ಲ್ಯಾಂಪೇ ಗತಿ. ಅಂಬಾಸಿಡರ್ ಮತ್ತು ಹಳೇ ಜೀಪಿನವರು ಇಲ್ಲಿ ಪುಣ್ಯವಂತರು, ಅವರದ್ದು 7 ಇಂಚಿನ ಗುಂಡು ಲ್ಯಾಂಪು, ಎಚ್4 ಹಿಡಿಯುವ ಗಾಜಿನ ಡೂಮ್ ಸುಲಭವಾಗಿ ಸಿಗುತ್ತದೆ. ಕೊಳ್ಳುವಾಗ ಗಾಜಿನ ಮೇಲೆ ಬಾಣದ ಗುರುತು ನೋಡಿ. ಲ್ಯಾಂಪಿನ ಎದುರು ನಿಂತಾಗ ನಿಮ್ಮ ಬಲಕ್ಕೆ ತೋರಿಸುವ ಬಾಣ ಇದ್ದರೆ ಎಡಬದಿಯ ಸಂಚಾರದ ಲ್ಯಾಂಪು, ನಮಗೆ ಬೇಕಾದದ್ದು. ಯೂರೋಪಿನ ಗುರುತಿರುವ ಲ್ಯಾಂಪಿನಲ್ಲಿ ಬಾಣವೇ ಇಲ್ಲದಿದ್ದರೆ ಅದು ಬಲಬದಿಯಲ್ಲಿ ಓಡಿಸುವ ದೇಶದ್ದು. ಅದರ ಡಿಮ್ ಬೆಳಕು ಎದುರು ಬರುವವನ ಕಣ್ಣಿಗೇ ಏರುತ್ತದೆ.

ಪ್ಲಾಸ್ಟಿಕ್ ಲೆನ್ಸ್ ಹಳದಿಯಾಗಿದ್ದರೆ ನೀರು ಹಾಕುತ್ತಾ 800, 1000, 1500, 2000 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ, ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ಆದರೆ ಅಷ್ಟಕ್ಕೇ ಬಿಟ್ಟರೆ ತಿಂಗಳುಗಳಲ್ಲೇ ಮತ್ತೆ ಹಳದಿ, ಯಾಕಂದರೆ ಬಿಸಿಲು ತಡೆಯುವ ಮೇಲ್ಪದರ ನೀವೇ ಉಜ್ಜಿ ತೆಗೆದಿದ್ದೀರಿ. ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಟೂತ್‌ಪೇಸ್ಟ್ ಹಚ್ಚುವ ವಿಡಿಯೋ ನೋಡಿರುತ್ತೀರಿ, ಬಿಡಿ ಅದನ್ನ. ಲ್ಯಾಂಪಿನೊಳಗೆ ನೀರು ಕಟ್ಟುತ್ತಿದ್ದರೆ ಹಿಂದಿನ ರಬ್ಬರ್ ಟೋಪಿ ಬಿರಿದಿರುತ್ತದೆ. ಕೆಳಗಿನ ಗಾಳಿಯ ತೂತು ಮುಚ್ಚಿಕೊಂಡಿದೆಯಾ ಅಂತಲೂ ನೋಡಿ.

ಇನ್ನು ಅಲೈನ್‌ಮೆಂಟ್. ಇದಕ್ಕೆ ಘಟ್ಟದ ಮೇಲಿನವರಿಗೆ ಅಡಿಕೆ ಒಣಗಿಸುವ ಅಂಗಳದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಸಮತಟ್ಟು, ಎದುರಿಗೆ ಗೋಡೆ. ಟೈರಿಗೆ ಸರಿಯಾಗಿ ಗಾಳಿ ಹಾಕಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಲ್ಯಾಂಪಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಅಂತ ಅಳೆದು ಗೋಡೆಯ ಮೇಲೆ ಗೆರೆ ಎಳೆಯಿರಿ. ಡಿಮ್ಮಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬರಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರಬೇಕು. ಹಿಂದೆ ಯಾವಾಗಲೂ ಮೂಟೆ ಹೇರಿಕೊಂಡೇ ಓಡಾಡುವ ಕಾರಾದರೆ ಮೂಟೆ ಹೇರಿಯೇ ಹೊಂದಿಸಿ, ಹಿಂದೆ ಕುಸಿದಷ್ಟೂ ಮುಂದಿನ ಬೆಳಕು ಮೇಲೇಳುತ್ತದೆ.

100/90 ಮತ್ತು ಎಲ್‌ಇಡಿ

ಹಳೇ ವೈರಿಂಗಿಗೆ 100/90 ಹಾಕಿದರೆ ಬ್ರೈಟ್‌ನಲ್ಲಿ 10ರ ಬದಲು 16 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಕರೆಂಟು ಜಾಸ್ತಿಯಾದಷ್ಟೂ ದಾರಿಯ ನಷ್ಟವೂ ಜಾಸ್ತಿ, ಹಾಗಾಗಿ ದುಡ್ಡು ಕೊಟ್ಟಷ್ಟು ಬೆಳಕು ಬರುವುದಿಲ್ಲ, ಬಿಸಿ ಮಾತ್ರ ಪೂರ್ತಿ ಬರುತ್ತದೆ. ಡೂಮಿನ ಗಿಲೀಟೂ ಆ ಬಿಸಿಗೆ ಏಳುತ್ತದೆ. ರಸ್ತೆಗೆ ಒಪ್ಪಿತವಾದ ಎಚ್4 ಅಂದರೆ 60/55 ಮಾತ್ರ.

ಎಚ್4 ಡೂಮಿಗೆ ತುರುಕುವ ಎಲ್‌ಇಡಿ ಬಗ್ಗೆ ವಾದ ಮುಗಿಯುವುದಿಲ್ಲ, ಬೇಡವೂ ಬೇಡ. ಹಾಕಿ, ಅದೇ ಗೋಡೆ ಎದುರು ನಿಲ್ಲಿಸಿ. ಡೂಮು ಮಾಡಿರುವುದು ಕೂದಲೆಳೆಯಂಥ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ. ಎಲ್‌ಇಡಿಯ ಚಿಪ್ಪು ಆ ಜಾಗದಲ್ಲಿ ಆ ಆಕಾರದಲ್ಲಿ ಇರದಿದ್ದರೆ ಗೋಡೆಯ ಮೇಲೆ ಅಂಚು ಅಳಿಸಿಹೋಗಿ ಬೆಳಕು ಮೇಲೆ ಚೆಲ್ಲುತ್ತದೆ. ಆ ಮೇಲೆ ಚೆಲ್ಲಿದ ಬೆಳಕೇ ದೇವಿಮನೆಯ ಮಂಜಿನಲ್ಲಿ ನಿಮ್ಮ ಕಣ್ಣಿಗೆ ವಾಪಸು ಹೊಡೆಯುವುದು. ಕಾರಿನ ಹತ್ತಿರದ ನೆಲ ಫಳಫಳ ಅನ್ನುತ್ತದೆ, ಅದರಿಂದ ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಇನ್ನೂ ಕಾಣುವುದಿಲ್ಲ. ಅಣಶಿಯ ದಾರಿಯಲ್ಲಿ ಕಾಡುಕೋಣ ಅಡ್ಡ ನಿಂತಿದ್ದರೆ ಆ ಕಪ್ಪು ಮೈ ಬೆಳಕನ್ನೆಲ್ಲ ನುಂಗಿಬಿಡುತ್ತದೆ, ದೂರಕ್ಕೆ ಬೀಳುವ ಬೆಳಕು ಬೇಕಾಗುವುದು ಆಗ. ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಅಂತೂ ಬೇಡವೇ ಬೇಡ, ಆ ಬಣ್ಣ ಬೆಳಕನ್ನು ತಡೆಯುತ್ತದೆಯೇ ಹೊರತು ಕೂಡಿಸುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಘಾಟಿಯ ತಿರುವಿನಲ್ಲಿ ಬೆಳಕು ಸಾಲದು ಅನಿಸಿದರೆ ಅದು ಹೆಡ್‌ಲೈಟಿನ ದೋಷ ಅಲ್ಲ. ಹೆಡ್‌ಲೈಟು ನೇರ ನೋಡುತ್ತದೆ, ತಿರುವು ಪಕ್ಕದಲ್ಲಿರುತ್ತದೆ. ಬಂಪರಿನ ಕೆಳಗೆ ಅಗಲಕ್ಕೆ ಹರಡುವ ಒಂದು ಜೊತೆ ಫಾಗ್ ಲ್ಯಾಂಪು, ಅದಕ್ಕೆ ಬೇರೆ ರಿಲೇ, ಬೇರೆ ಫ್ಯೂಸು. ಮಂಜಲ್ಲಿ ಬ್ರೈಟ್ ಹಾಕದೆ ಡಿಮ್ ಮತ್ತು ಫಾಗ್ ಹಾಕಿ ಓಡಿಸಿ. ಹೆದ್ದಾರಿ 66ಕ್ಕೆ ಇಳಿದು ಮಂಜಿಲ್ಲದ ರಸ್ತೆ ಸಿಕ್ಕ ಮೇಲೆ ಫಾಗ್ ಆರಿಸಿಬಿಡಿ.

ಕರಾವಳಿಯಲ್ಲಿ ಕಾರು ನಿಲ್ಲಿಸುವವರು ಅರ್ಥ್ ಬೋಲ್ಟು ಮತ್ತು ರಿಲೇ ಪಿನ್ನುಗಳನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಒಮ್ಮೆ ಬಿಚ್ಚಿ ನೋಡಿ, ಗ್ರೀಸ್ ಹಚ್ಚಿ ಮುಚ್ಚಿ. ಮೂರು ಅಳತೆಯ ಹಳೇ ಚೀಟಿ ಇಟ್ಟುಕೊಂಡಿದ್ದರೆ ಅದರ ಪಕ್ಕದಲ್ಲೇ ಹೊಸ ಅಂಕಿ ಬರೆಯಿರಿ. ಯಾವ ಕಡೆ 0.1ರಿಂದ 0.3ಕ್ಕೆ ಏರಿದೆಯೋ ಅಲ್ಲಿ ತುಕ್ಕು ಶುರುವಾಗಿದೆ.